ನೂರೊಂದು ಎಂದ ಮುನಿವೆಂಕಟಮ್ಮ

ಪ್ರಯೋಗಶಾಲಾ ಸಹಾಯಕರ ಆಯ್ಕೆ ಮಂಡಳಿಯ ಮಾನ್ಯ ಅಧ್ಯಕ್ಷರೇ,

ಕಳೆದ ಜೂನ್ ಹದಿನಾರನೆಯ ತಾರೀಕು ತಾವು ಒಬ್ಬ ಹೆಂಗಸನ್ನು, ಸರಿಯಾದ ಉತ್ತರ ಹೇಳಿದಳೆಂಬ ಒಂದೇ ಕಾರಣಕ್ಕೆ, ನಪಾಸು ಮಾಡಿದಿರಿ. ಅದೇ ದಿನ, ಅದೇ ಪ್ರಶ್ನೆಗೆ ತಪ್ಪು ಉತ್ತರ ಹೇಳಿದ ನಾಲ್ವರನ್ನು ಬೆನ್ನು ತಟ್ಟಿ ಪಾಸು ಮಾಡಿದಿರಿ. ಈ ವಿಷಯವಾಗಿ ಖಾಸಗಿಯಾಗಿ ಬರೆದ ಎರಡು ಕಾಗದಗಳಿಗೂ ತಮ್ಮ ಕಚೇರಿಯಿಂದ ‘ಪರಿಶೀಲನೆಯಲ್ಲಿದೆ’ ಎಂಬ ಒಂದೇ ಒಕ್ಕಣೆ ಬಂದಿದೆ. ಪರಿಶೀಲನೆ ಎಂದರೆ ತಮ್ಮಲ್ಲಿ ಕಾಗದದ ಮೇಲೆ ಕಾಗದ ಇಡುವುದು ಎಂದು ನನಗೆ ಗೊತ್ತು. ಅದಕ್ಕೇ ಈಗ ಪತ್ರಿಕೆಗೆ ಬರೆಯುತ್ತಿದ್ದೇನೆ. ತಮಗೆ ಅವಮಾನವಾಗಲಿ ಎಂಬುದೇ ನನ್ನ ಉದ್ದೇಶ, ಅದನ್ನು ಮುಚ್ಚಿಡುವುದಿಲ್ಲ.

ಆ ಹೆಂಗಸು ಯಾರೆಂದು ಓದುಗರಿಗೆ ತಿಳಿಸಬೇಕು. ತಮಗಂತೂ ಹೆಸರೂ ನೆನಪಿರಲಾರದು. ಮುನಿವೆಂಕಟಮ್ಮ, ಬಿಳೇಕಹಳ್ಳಿಯವಳು, ಗಂಡನನ್ನು ಕಳೆದುಕೊಂಡವಳು. ಜಯನಗರದ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಹನ್ನೊಂದು ವರ್ಷದಿಂದ ಆಯಾ. ಬೆಳಿಗ್ಗೆ ಹೊಲದ ದಾರಿಯಲ್ಲಿ ನಡೆದು ಬರುತ್ತಾಳೆ, ಎಂಟೂವರೆಗೆ ಪ್ರಯೋಗಶಾಲೆಯ ಬೀಗ ತೆಗೆಯುತ್ತಾಳೆ. ಲೋಯರ್ ಸೆಕೆಂಡರಿ ಪಾಸಾದವಳು. ಅವಳ ಕೆಲಸ ಗಾಜಿನ ನಳಿಕೆಗಳನ್ನು ತೊಳೆಯುವುದು. ಆದರೆ ಯಾವ ನಳಿಕೆಯಲ್ಲಿ ಏನಿತ್ತು, ಅದೇಕೆ ನೀಲಿಯಾಯಿತು, ಆಸಿಡ್ಡಿಗೆ ನೀರು ಸುರಿಯದೆ ನೀರಿಗೇ ಆಸಿಡ್ ಸುರಿಯಬೇಕೇಕೆ ಎಂದು ಕೇಳಿ ಕೇಳಿ ಅವಳು ಕಲಿತದ್ದು ಬೆಂಚಿನ ಮೇಲೆ ಕೂತ ಎಷ್ಟೋ ಹುಡುಗಿಯರು ಕಲಿತಿಲ್ಲ. ಸಹಾಯಕಿಯ ಜಾಗ ಖಾಲಿಯಾದಾಗ ಅರ್ಜಿ ಹಾಕಿದಳು. ಆ ಹುದ್ದೆಗೆ ಮೂವತ್ತೈದು ವರ್ಷ ಮೀರಿರಬಾರದು. ಅವಳು ಹುಟ್ಟಿದ ದಿನ ಅವರಮ್ಮನಿಗೇ ಗೊತ್ತಿಲ್ಲ, ಶಾಲೆಗೆ ಸೇರಿಸಿಕೊಂಡ ಮೇಷ್ಟ್ರು ತೋಚಿದ ತಾರೀಕು ಬರೆದುಕೊಂಡರು. ಆ ತಾರೀಕಿನ ಪ್ರಕಾರ ಇದೇ ಆಗಸ್ಟ್ ಮೂವತ್ತೊಂದಕ್ಕೆ ಅವಳಿಗೆ ಮೂವತ್ತೈದು ತುಂಬುತ್ತದೆ. ತಮ್ಮ ಮಂಡಳಿ ಮತ್ತೆ ಸೇರುವುದು ಬರುವ ವರ್ಷ.

ಇನ್ನು ಅವಳ ಅಪರಾಧ. ಆ ಪ್ರಯೋಗಶಾಲೆಯ ಗೋಡೆಗೆ ಮೂಲವಸ್ತುಗಳ ಒಂದು ಬಟ್ಟೆಯ ಪಟವಿದೆ. ಯುದ್ಧಕ್ಕೆ ಮುಂಚಿನದು, ಕೊನೆಯ ಮನೆ ತೊಂಬತ್ತೆರಡು, ಯುರೇನಿಯಂ. ಹೊಸ ಮೂಲವಸ್ತು ಸಿಕ್ಕ ಸುದ್ದಿಯನ್ನು ವಿಜ್ಞಾನದ ಮೇಷ್ಟ್ರು ಪೇಪರಿನಿಂದ ಓದಿ ಹೇಳಿದಾಗ ಮುನಿವೆಂಕಟಮ್ಮ, ‘ಹಂಗಾರೆ ಪಟದಾಗೆ ಜಾಗ ಎಲ್ಲೈತೆ ಸಾರ್?’ ಎಂದು ಕೇಳಿದಳು. ಜಾಗವಿರಲಿಲ್ಲ. ಮಾರನೆಯ ದಿನ ಮನೆಯಿಂದ ಸೂಜಿ ದಾರ ತಂದು ಪಟದ ಕೆಳಗೆ ಒಂದು ಗೇಣು ಬಿಳಿ ಬಟ್ಟೆ ಸೇರಿಸಿ ಹೊಲಿದಳು. ನೆಪ್ಚೂನಿಯಂ, ಪ್ಲುಟೋನಿಯಂ ಎಂದು ಶುರುಮಾಡಿ ನೂರೊಂದರವರೆಗೆ ಒಂಬತ್ತು ಮನೆಗಳನ್ನು ಕರಿ ಶಾಯಿಯಲ್ಲಿ ಬರೆದಳು. ಹತ್ತನೆಯದಕ್ಕೆ ಮನೆ ಮಾತ್ರ ಗೀಚಿ ಹೆಸರು ಬರೆಯದೆ ಬಿಟ್ಟಳು.

ಈಗ ತಮ್ಮ ಮುಂದೆ ನಡೆದದ್ದನ್ನು ತಮಗೇ ನೆನಪಿಸುತ್ತೇನೆ.

‘ಮೂಲವಸ್ತುಗಳು ಎಷ್ಟು?’ ಎಂದು ತಾವು ಕೇಳಿದಿರಿ.

‘ಇವತ್ತಿಗೆ ನೂರೊಂದು ಸಾರ್. ನೂರೆರಡ್ನೇದು ಸಿಕ್ತು ಅಂತ ಹೇಳವ್ರೆ, ಇನ್ನೂ ಜಗಳದಾಗೈತೆ.’

‘ತೊಂಬತ್ತೆರಡು. ಪುಸ್ತಕದಲ್ಲಿ ಏನಿದೆಯೋ ಅದನ್ನ ಹೇಳಮ್ಮ.’

‘ಪುಸ್ತಕದಾಗೆ ಅಷ್ಟೇ ಐತೆ ಸಾರ್. ಆಮ್ಯಾಕೆ ಒಂಬತ್ತು ಸೇರ್ಕೊಂಡ್ವು. ನಾನೇ ಪಟಕ್ಕೆ ಬಟ್ಟೆ ಹೊಲ್ದಿವ್ನಿ.’

‘ಸರ್ಕಾರದ ಪಟಕ್ಕೆ ನೀನು ಬಟ್ಟೆ ಹೊಲಿದೆಯಾ?’ ಎಂದು ತಾವು ಪೆನ್ನು ತೆಗೆದು ಏನೋ ಬರೆದುಕೊಂಡಿರಿ. ಆಮೇಲೆ ಎರಡನೆಯ ಪ್ರಶ್ನೆ. ‘ಪರಮಾಣುವನ್ನು ಒಡೆಯಬಹುದೋ?’

‘ಒಡೀಬೌದು ಸಾರ್. ಒಡ್ದವ್ರೆ.’

‘ಯಾರು? ನಿಮ್ಮೂರಲ್ಲಿ ಒನಕೆಯಲ್ಲಿ ಕುಟ್ಟಿ ಒಡೆದರೋ?’

ಪಕ್ಕದ ಸದಸ್ಯರು ನಕ್ಕರು. ಕಾಫಿ ತಂದಿಟ್ಟ ಜವಾನನೂ ನಕ್ಕ. ಮುನಿವೆಂಕಟಮ್ಮ ನಗಲಿಲ್ಲ. ‘ಇಲ್ಲ ಸಾರ್, ಹತ್ತೊಂಬೈನೂರ ಹತ್ತೊಂಬತ್ತನೇ ಇಸ್ವೀಲಿ...’ ಎಂದು ಶುರುಮಾಡಿದಳು. ತಾವು ಕೈಯೆತ್ತಿ ಸಾಕು ಎಂದಿರಿ. ಸೊನ್ನೆ ಹಾಕಿದಿರಿ. ಎಷ್ಟು ದುಂಡಗಿನ ಸೊನ್ನೆ! ತಮ್ಮ ಪುಸ್ತಕದಲ್ಲಿ ಪರಮಾಣುವಿನ ಚಿತ್ರ ಹೇಗಿದೆಯೋ ಹಾಗೇ ಇತ್ತು.

ಹೌದು, ತಮ್ಮ ಪುಸ್ತಕ. ಮಾದರಿ ಉತ್ತರಗಳನ್ನು ಯಾವ ಪುಸ್ತಕದಿಂದ ತೆಗೆದರೋ ಆ ಪುಸ್ತಕವನ್ನು ಬರೆದವರೂ ತಾವೇ ಎಂಬುದು ಓದುಗರಿಗೆ ತಿಳಿಯಲಿ. ಮೊದಲ ಮುದ್ರಣ ೧೯೩೪. ಆಮೇಲೆ ಆರು ಮುದ್ರಣ ಕಂಡಿದೆ, ರಟ್ಟಿನ ಬಣ್ಣ ಮೂರು ಸಲ ಬದಲಾಗಿದೆ, ಒಳಗೆ ಒಂದಕ್ಷರ ಅಲ್ಲಾಡಿಲ್ಲ. ‘ಪರಮಾಣು ಅವಿಭಾಜ್ಯವಾದ ಗಟ್ಟಿ ಗೋಳ’ ಎಂದು ಒಂಬತ್ತನೆಯ ಪುಟದಲ್ಲಿ ಬರೆದಿದ್ದೀರಿ. ಸ್ವಾಮಿ, ಅದು ಅಚ್ಚಾದ ದಿನವೇ ಹಳಸಿತ್ತು. ತಾವು ಬಡಿಸಿದ್ದು ತಂಗಳನ್ನ, ಇಪ್ಪತ್ತೈದು ವರ್ಷದಿಂದ ನಮ್ಮ ಮಕ್ಕಳು ಅದನ್ನೇ ಉಣ್ಣುತ್ತಿದ್ದಾರೆ.

ತಮಗೆ ತೊಂದರೆಯಿಲ್ಲದಿದ್ದರೆ ಈ ವಿದ್ಯೆ ಬೆಳೆದು ಬಂದ ಬಗೆಯನ್ನು ಸ್ವಲ್ಪ ಹೇಳುತ್ತೇನೆ. ತಮಗೆ ಇದು ಹೊಸ ವಿಷಯವಾದ್ದರಿಂದ ನಿಧಾನವಾಗಿಯೇ ಹೇಳುತ್ತೇನೆ. ವಸ್ತುವನ್ನು ಒಡೆಯುತ್ತ ಹೋದರೆ ಕೊನೆಗೆ ಒಡೆಯಲಾರದ ಒಂದು ಕಣ ಉಳಿಯುತ್ತದೆ ಎಂದು ನಮ್ಮಲ್ಲಿಯೂ ಗ್ರೀಸಿನಲ್ಲಿಯೂ ಹಿಂದೆಯೇ ಊಹಿಸಿದ್ದರು. ಅದು ಕೂತಲ್ಲಿ ಕಣ್ಣು ಮುಚ್ಚಿ ಮಾಡಿದ ಊಹೆ. ಜೊತೆಗೇ ಮಣ್ಣು, ನೀರು, ಬೆಂಕಿ, ಗಾಳಿ ಇವೇ ಮೂಲವೆಂದು ಸಾವಿರಾರು ವರ್ಷ ನಂಬಿದರು. ನೀರನ್ನು ಒಡೆದು ಅದರಲ್ಲಿ ಎರಡು ಅನಿಲವಿದೆ ಎಂದು ತೋರಿಸುವ ತನಕ ನೀರು ಮೂಲವಸ್ತುವೇ ಆಗಿತ್ತು. ಫ್ರಾನ್ಸಿನ ಲವಾಸಿಯೆ ಮೂವತ್ತಮೂರು ಮೂಲವಸ್ತುಗಳ ಪಟ್ಟಿ ಮಾಡಿದಾಗ ಅದರಲ್ಲಿ ಬೆಳಕನ್ನೂ ಶಾಖವನ್ನೂ ಸೇರಿಸಿದ್ದ. ಅವನು ದಡ್ಡನೇ? ಅಲ್ಲ. ಇದಕ್ಕಿಂತ ಹೆಚ್ಚು ಒಡೆಯಲು ಇವತ್ತಿಗೆ ನಮಗೆ ಬರುವುದಿಲ್ಲ, ಆದ್ದರಿಂದ ಇವತ್ತಿಗೆ ಇದು ಮೂಲ ಎಂದ. ‘ಇವತ್ತಿಗೆ’ ಎಂಬ ಆ ಮಾತನ್ನು ಗಮನಿಸಿ. ಬಿಳೇಕಹಳ್ಳಿಯ ಆಯಾ ಕೂಡ ತಮ್ಮೆದುರು ಅದನ್ನೇ ಅಂದಳು.

ಆಮೇಲೆ ಡಾಲ್ಟನ್ ಬಂದು ಪರಮಾಣುಗಳಿಗೆ ತೂಕ ಕಟ್ಟಿದ. ಅವನ ಲೆಕ್ಕದಲ್ಲಿ ನೀರಿಗೆ ಜಲಜನಕದ್ದೊಂದು, ಆಮ್ಲಜನಕದ್ದೊಂದು ಪರಮಾಣು, ಆಮ್ಲಜನಕದ ತೂಕ ಏಳು. ಎರಡೂ ತಪ್ಪು. ಹಿಂದಿನಿಂದ ಬಂದವರು ತಿದ್ದಿದರು, ಅವನ ಮರ್ಯಾದೆಗೆ ಏನೂ ಕುಂದು ಬರಲಿಲ್ಲ. ರಷ್ಯದ ಮೆಂಡಲೀಫ್ ೧೮೬೯ರಲ್ಲಿ ಮೂಲವಸ್ತುಗಳನ್ನು ಸಾಲಾಗಿ ಜೋಡಿಸಿ, ಗೊತ್ತಿಲ್ಲದ ಕಡೆ ಮನೆ ಖಾಲಿ ಬಿಟ್ಟ. ಇಲ್ಲಿ ಬರಬೇಕಾದದ್ದು ಇನ್ನೂ ಸಿಕ್ಕಿಲ್ಲ ಎಂದು ಧೈರ್ಯವಾಗಿ ಹೇಳಿದ, ಆರೇ ವರ್ಷದಲ್ಲಿ ಒಂದು ಸಿಕ್ಕಿತು. ತಾವಾಗಿದ್ದರೆ ಆ ಖಾಲಿ ಮನೆಗಳಿಗೂ ಸೊನ್ನೆ ಹಾಕುತ್ತಿದ್ದಿರಿ. ೧೮೯೭ರಲ್ಲಿ ಪರಮಾಣುವಿನ ಒಳಗಿಂದ ಎಲೆಕ್ಟ್ರಾನ್ ಹೊರಬಿತ್ತು, ಗಟ್ಟಿ ಗೋಳದ ಕಥೆ ಅಲ್ಲಿಗೆ ಮುಗಿಯಿತು. ೧೯೧೧ರಲ್ಲಿ ಅದರ ಬಹುಪಾಲು ಬರೀ ಬಯಲು, ನಡುವೆ ಒಂದು ಪುಟ್ಟ ಬೀಜ ಎಂದು ರುದರ್‌ಫರ್ಡ್ ತೋರಿಸಿದ. ಹತ್ತೊಂಬತ್ತರಲ್ಲಿ ಆ ಬೀಜವನ್ನೂ ಒಡೆದ. ಮುನಿವೆಂಕಟಮ್ಮ ಹೇಳಲು ಹೊರಟದ್ದು ಇದನ್ನೇ. ತಮಗೆ ಅರ್ಧ ನಿಮಿಷ ಕೇಳಲು ಪುರಸತ್ತಿರಲಿಲ್ಲ.

ಇಷ್ಟೆಲ್ಲ ಬೇಡ, ೧೯೪೫ರ ಆಗಸ್ಟ್ ತಿಂಗಳ ಪೇಪರನ್ನಾದರೂ ತಾವು ಓದಿರಬೇಕಲ್ಲ? ಜಪಾನಿನ ಎರಡು ಊರುಗಳ ಜನ ತಮ್ಮ ಒಂಬತ್ತನೆಯ ಪುಟ ಓದದೆ ಸತ್ತರು. ಓದಿದ್ದರೆ, ಪರಮಾಣು ಒಡೆಯುವುದಿಲ್ಲವೆಂದು ಅಧ್ಯಕ್ಷರು ಬರೆದಿದ್ದಾರೆ ಎಂದುಕೊಂಡು ನೆಮ್ಮದಿಯಾಗಿ ಸಾಯುತ್ತಿದ್ದರು.

ಒಳಗೆ ಆಡಿದ ಮಾತು ಈ ಮನುಷ್ಯನಿಗೆ ಹೇಗೆ ಗೊತ್ತಾಯಿತು ಎಂದು ಓದುಗರು ಕೇಳಬಹುದು. ತಾವು ಕೇಳುವುದಿಲ್ಲ, ತಮಗೆ ಗೊತ್ತು. ಮಂಡಳಿಯ ಮೂರನೆಯ ಕುರ್ಚಿಯಲ್ಲಿ, ಸದಸ್ಯನಾಗಿ, ನಾನೇ ಕೂತಿದ್ದೆ. ಪೇಪರ್ ಓದಿ ಅವಳಿಗೆ ನೂರೊಂದು ಎಂದು ಹೇಳಿಕೊಟ್ಟ ವಿಜ್ಞಾನದ ಮೇಷ್ಟ್ರೂ ನಾನೇ. ‘ಹತ್ತೊಂಬತ್ತನೇ ಇಸ್ವೀಲಿ’ ಎಂದು ತಡವರಿಸಿದಾಗ ಅವಳು ಒಂದು ಸಲ ನನ್ನ ಮುಖ ನೋಡಿದಳು. ನಾನು ಕಾಫಿ ಲೋಟ ನೋಡುತ್ತಿದ್ದೆ. ಈ ವರ್ಷ ನನಗೆ ಐವತ್ತೈದು, ನಿವೃತ್ತಿಯ ವಯಸ್ಸು. ಸೇವಾವಧಿಯನ್ನು ಒಂದು ವರ್ಷ ಮುಂದುವರಿಸಬೇಕೆಂಬ ನನ್ನ ಅರ್ಜಿ ಅಂದು ತಮ್ಮ ಮೇಜಿನ ಮೇಲಿತ್ತು. ‘ಏನ್ರೀ ಮೇಷ್ಟ್ರೇ, ಅಯೋಗ್ಯ ಅಂತ ಬರೆಯೋಣವಾ?’ ಎಂದು ತಾವು ಕೇಳಿದಾಗ ‘ತಮ್ಮ ಚಿತ್ತ’ ಎಂದು ರುಜು ಹಾಕಿದೆ. ತಾವು ಅಜ್ಞಾನದಿಂದ ಮಾಡಿದ್ದನ್ನು ನಾನು ಪೂರ್ತಿ ಗೊತ್ತಿದ್ದು ಮಾಡಿದೆ. ನಮ್ಮಿಬ್ಬರಲ್ಲಿ ಯಾರು ಹೆಚ್ಚು ನೀಚರೆಂಬ ಪ್ರಶ್ನೆಗೆ ಮಾದರಿ ಉತ್ತರ ಬೇಕಿಲ್ಲ. ನನಗೆ ನನ್ನ ಮೇಲೇ ಹೇಸಿಗೆಯಾಗಿದೆ.

ತಮ್ಮ ಕೃಪೆ ಅಲ್ಲಿಗೆ ನಿಲ್ಲಲಿಲ್ಲ. ಜುಲೈ ಮೊದಲ ವಾರ ಶಾಲೆಗೆ ತಮ್ಮ ಜ್ಞಾಪನಾಪತ್ರ ಬಂತು. ಸರ್ಕಾರದ ಸ್ವತ್ತನ್ನು ವಿರೂಪಗೊಳಿಸಿದ ಆಯಾಳನ್ನು ಪ್ರಯೋಗಶಾಲೆಯ ಕೆಲಸದಿಂದ ತೆಗೆಯುವುದು, ಪಟವನ್ನು ಮೊದಲಿನ ಸ್ಥಿತಿಗೆ ತರುವುದು. ಹೆಡ್‌ಮಿಸ್ಟ್ರೆಸ್ ಸೀತಾಲಕ್ಷ್ಮಿಯವರು ಆಜ್ಞೆ ಮೀರುವವರಲ್ಲ. ಹೊಲಿದವಳೇ ಬಿಚ್ಚಲಿ ಎಂದರು. ಹತ್ತನೆಯ ಕ್ಲಾಸಿನ ಹುಡುಗಿಯರು ನೋಡುತ್ತಿದ್ದಂತೆ ಮುನಿವೆಂಕಟಮ್ಮ ಸ್ಟೂಲು ಹತ್ತಿ ಪಟ ಇಳಿಸಿ ನೆಲದ ಮೇಲೆ ಹಾಸಿಕೊಂಡಳು. ಕತ್ತರಿ ಕೊಟ್ಟರೆ ಬೇಡವೆಂದಳು. ‘ಕತ್ರಿ ಆಕಿದ್ರೆ ಮ್ಯಾಗಿನ ಬಟ್ಟೆನೂ ಆಳಾಯ್ತದೆ ಅಮ್ಮಾವ್ರೆ’ ಎಂದು ಸೂಜಿಯ ಮೊನೆಯಿಂದ ಒಂದೊಂದೇ ಹೊಲಿಗೆ ಬಿಡಿಸಿದಳು. ಮುಕ್ಕಾಲು ಗಂಟೆ ಹಿಡಿಯಿತು. ಅವತ್ತಿನಿಂದ ಅವಳಿಗೆ ಹಿತ್ತಲಿನ ಪಾಯಿಖಾನೆ ತೊಳೆಯುವ ಕೆಲಸ. ಈಗ ಆ ಶಾಲೆಯಲ್ಲಿ ಲೋಕ ಮತ್ತೆ ತೊಂಬತ್ತೆರಡಕ್ಕೇ ನಿಂತಿದೆ, ತಾವು ನಿಶ್ಚಿಂತೆಯಿಂದಿರಬಹುದು.

ನನ್ನ ಬೇಡಿಕೆ ಇಷ್ಟು. ಆಗಸ್ಟ್ ಮೂವತ್ತೊಂದಕ್ಕೆ ಮುಂಚೆ ಮಂಡಳಿ ಮತ್ತೆ ಸೇರಬೇಕು. ಮುನಿವೆಂಕಟಮ್ಮನನ್ನು ಕರೆಸಿ, ಕುರ್ಚಿ ಕೊಟ್ಟು ಕೂರಿಸಿ, ಅವಳ ಉತ್ತರವನ್ನು ಕೊನೆಯವರೆಗೆ ಕೇಳಬೇಕು. ಆ ದಿನ ತಾವು ಪ್ರಶ್ನೆ ಕೇಳಕೂಡದು, ತಮಗೆ ಉತ್ತರ ಗೊತ್ತಿಲ್ಲ. ಹಳೆಯ ವರದಿಯಿಂದ ನನ್ನ ರುಜುವನ್ನು ಹೊಡೆದುಹಾಕಬೇಕು. ನನ್ನ ಅರ್ಜಿಯನ್ನು ಈ ಪತ್ರದ ಮೂಲಕ ಹಿಂದಕ್ಕೆ ಪಡೆದಿದ್ದೇನೆ, ಆದ್ದರಿಂದ ತಾವು ನನ್ನನ್ನು ಹೆದರಿಸಲು ಇನ್ನು ಏನೂ ಉಳಿದಿಲ್ಲ.

ಹೀಗೊಂದು ಪತ್ರ ಬರೆಯುತ್ತೇನೆಂದು ನಿನ್ನೆ ಹಿತ್ತಲಿಗೆ ಹೋಗಿ ಅವಳಿಗೆ ಹೇಳಿದೆ. ಪೊರಕೆಯನ್ನು ಗೋಡೆಗೆ ಒರಗಿಸಿ, ಸೆರಗಿನಿಂದ ಕೈ ಒರೆಸಿಕೊಂಡು ಅವಳು ಅಂದದ್ದು ಇಷ್ಟೇ:

‘ಬರೀರಿ ಸಾರ್, ಬ್ಯಾಡ ಅನ್ನಾಕಿಲ್ಲ. ಆದ್ರೆ ಅವತ್ತು ನೀವು ಬಾಯಾಗೆ “ಹೂಂ, ಅವ್ಳು ಯೋಳಿದ್ದು ಸರಿ” ಅಂದಿದ್ರೆ ಸಾಕಾಗಿತ್ತು.’

ಇಂತಿ,
ಗೊತ್ತಿದ್ದೂ ಬಾಯಿ ಬಿಡದ ವಿಜ್ಞಾನದ ಮೇಷ್ಟ್ರು
ಚನ್ನಬಸವಯ್ಯ
ಜಯನಗರ, ೧೯೫೯ನೆಯ ಇಸವಿ ಆಗಸ್ಟ್ ೩