ಮುಷ್ಟಿಯ ಅಚ್ಚು

ಕುಷಾಯಿಗೂಡ, ಶನಿವಾರ

ಬೂದೆಪ್ಪ ಕಾಕಾರಿಗೆ ಸುಗಲಮ್ಮನ ನಮಸ್ಕಾರ.

ನೀವು ಮಾಡಿಕೊಟ್ಟ ಬಿದಿರು ಬಿಲ್ಲಿನ ಹಿಡಿಕಿ ಈಗ ನನಗ ಒಗ್ಗವಲ್ದು. ದುಂಡಗ ಐತಲ್ಲ, ಬಾಣ ಬಿಡೂ ಹೊತ್ತಿಗೆ ಮುಷ್ಟಿಯೊಳಗ ತಿರುಗತೈತಿ, ಬಾಣ ಎಡಕ್ಕ ಹೋಗತೈತಿ. ಹಳೆ ಸೀರಿ ಹರದು ಸುತ್ತಿದೆ. ಹಿಡಿಕಿ ದಪ್ಪಾಗಿ ಬಾಣ ಇನ್ನೂ ಎಡಕ್ಕ ಹೋತು. ಬ್ಯಾರೆಯವರ ಬಿಲ್ಲು ಹಿಡಿದು ನೋಡಿದೆ, ಯಾವುದೂ ನಿಲ್ಲವಲ್ದು.

ಅಂಗೈ ಕಡಿಗೆ ಚಪ್ಪಟ ಮಾಡ್ರಿ. ಬಿಲ್ಲಿನ ಭಾರ ಎಲ್ಲಾ ಹೆಬ್ಬೆರಳಿನ ಬುಡದಾಗ ಕುಂದರಲಿ, ಉಳಿದ ಬೆರಳಿನ ಮ್ಯಾಲೆ ಬೀಳಬಾರದು.

ಮುಂದಿನ ವಾರ ಬಿಲ್ಲುಗಾರರ ಟೀಮಿನ ಆಯ್ಕೆ ಐತಿ. ಆಯ್ಕೆ ಆದ್ರ ಹಾಸ್ಟೆಲ್ ಕೊಡ್ತಾರ. ಆಗಲಿಲ್ಲಂದ್ರ ಮತ್ತ ಫ್ಯಾಕ್ಟರಿಯೊಳಗ ತಗಡು ಒತ್ತೂ ಅದೇ ಪ್ರೆಸ್ ಮಷೀನಿನ ಮುಂದ ನಿಂದರಬೇಕು. ನನ್ನ ಕೈಲೆ ಆಗೂದಿಲ್ಲ ಕಾಕಾ.

ಹಸಿ ಮಣ್ಣು ಮುಷ್ಟಿಯೊಳಗ ಒತ್ತಿದ ಅಚ್ಚು ನೋಡದೇ ನೀವು ಹಿಡಿಕಿ ಕೆತ್ತಂಗಿಲ್ಲ, ಗೊತ್ತೈತಿ. ಬಿಲ್ಲು, ಅಚ್ಚಿನ ಗಂಟು ಎರಡೂ ಕಾಚಿಗೂಡ ಸ್ಟೇಷನ್‌ನಾಗ ಊರಿಗೆ ಹೊಂಟಿದ್ದ ಕಾಶಿನಾಥಣ್ಣನ ಕೈಯಾಗ ಕೊಟ್ಟೀನಿ. ಅಚ್ಚಿನಾಗ ಹೆಬ್ಬೆರಳು ಬಿಟ್ರ ಎರಡೇ ಬೆರಳಿನ ಗುರುತು ಅವ. ಒತ್ತೂದ್ರಾಗ ತಪ್ಪಾಗಿಲ್ಲ, ಸರಿಯಾಗೇ ಒತ್ತೀನಿ.

ಅವ್ವನ ಮುಂದ ಗಂಟು ಬಿಚ್ಚಬ್ಯಾಡ್ರಿ.

ನಿಮ್ಮ ಕೈಯಾಗ ಬಿಲ್ಲು ಕಲಿತಾಕಿ,
ಸುಗಲಮ್ಮ