ಬಾಗಿಲ ಮೇಲಿನ ಹೆಸರು

ಸೋನ್ಯಾಳ, ತಾ. ಜತ್
ಶನಿವಾರ, ೧೪ ಜೂನ್ ೨೦೨೫

ಪ್ರೀತಿಯ ಮಗಳು ಪಂಚಶೀಲಾಗೆ ನಿನ್ನ ಅಪ್ಪನ ಜೈಭೀಮ.

ಎಲ್ಲಕ್ಕಿಂತ ಮೊದಲು ನಿನ್ನ ಆರೋಗ್ಯದ ಮಾತು. ಹೋದ ವಾರ ಫೋನಿನಲ್ಲಿ ನಡುನಡುವೆ ಕೆಮ್ಮುತ್ತಿದ್ದೆ. ಈಗ ಕಡಿಮೆಯಾಯಿತೇ? ಪುಣೆಯ ಮಳೆಯಲ್ಲಿ ತಲೆ ಒದ್ದೆ ಮಾಡಿಕೊಂಡು ತರಬೇತಿಗೆ ಹೋಗಬೇಡ. ಮೆಸ್ಸಿನ ಚಪಾತಿ ಸಾಕಾಗಿದೆ ಅಂದೆಯಂತೆ, ನಿನ್ನವ್ವ ತುಳಸವ್ವ ಎಂಟು ಕಡಕ್ ರೊಟ್ಟಿ, ಒಂದು ಡಬ್ಬಿ ಶೇಂಗಾ ಚಟ್ನಿ ಕಟ್ಟಿಟ್ಟಿದ್ದಾಳೆ. ನಾಳೆ ಪುಣೆಗೆ ಹೊರಟಿರುವ ಅಮೋಗಸಿದ್ದ ಮಾಸ್ತರರ ಕೈಯಲ್ಲಿ ಆ ಗಂಟೂ ಈ ಪತ್ರವೂ ಬರುತ್ತವೆ. ಅವಳ ಮೊಣಕಾಲು ನೋವು ಹಾಗೇ ಇದೆ, ಬಾಯಿ ಮಾತ್ರ ಎರಡು ದಿನದಿಂದ ಬಂದ್ ಆಗಿದೆ. ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಯಾಕೆ ಎಂದು ಹೇಳುವುದಕ್ಕೇ ಈ ಪತ್ರ. ಫೋನಿನಲ್ಲಿ ಹೇಳಲು ಮೂರು ಸಲ ನೋಡಿದೆ, ನೀನು ‘ಅಪ್ಪಾ’ ಅಂದ ಕೂಡಲೇ ಮಳೆಬೆಳೆಯ ಮಾತಾಡಿ ಫೋನ್ ಇಟ್ಟೆ. ಏಳನೇ ಇಯತ್ತೆ ಕಲಿತವನ ಅಕ್ಷರ, ಸಾವಕಾಶ ಓದಿಕೋ.

ಬರುವ ಗುರುವಾರದಿಂದ ನೀನು ಜತ್ತಿನಲ್ಲಿ ತಲಾಠಿ, ಊರ ಹೊಲಗಳ ದಾಖಲೆಯೆಲ್ಲ ನಿನ್ನ ಕೈಯಲ್ಲಿ. ನಮ್ಮೂರ ಬಸ್ಸನ್ನು ನಂಬಿದರೆ ನೀನು ದಿನಾ ತಡವಾಗಿ ಕಚೇರಿ ಸೇರುತ್ತೀ, ಅದಕ್ಕೇ ಅಲ್ಲೇ ಒಂದು ಖೋಲಿ ಹುಡುಕುವ ಕೆಲಸ ನನ್ನದೆಂದು ಎದೆ ತಟ್ಟಿಕೊಂಡು ಮೊನ್ನೆ ಗುರುವಾರ ಹೊರಟೆ. ನೇರ ಧಾನ್ಯಪೇಟೆಗೆ ಹೋದೆ. ನೀನು ಸಣ್ಣವಳಿದ್ದಾಗ ಮೂಗು ಮುಚ್ಚಿಕೊಂಡು ಓಡಿ ದಾಟುತ್ತಿದ್ದ ಗಲ್ಲಿ ಅದು. ಬಿದ್ದ ಗೋದಾಮು, ಹಂದಿ, ತೆರೆದ ಗಟಾರ. ಈಗ ನೀನು ಅದರ ಗುರುತು ಹಿಡಿಯಲಾರೆ. ಹೋದ ವರ್ಷ ಇಡೀ ಪೇಟೆಯನ್ನು ಹೊಸದು ಮಾಡಿದರಲ್ಲ, ಅಲ್ಲಿ ನೆಲಕ್ಕೆ ಬ್ಲಾಕು ಹಾಸಿದವರಲ್ಲಿ ನಾನೂ ಒಬ್ಬ. ಎಂಟು ತಿಂಗಳು ಮೊಣಕಾಲೂರಿ ಕೂತು ರಬ್ಬರ್ ಸುತ್ತಿಗೆಯಿಂದ ಒಂದೊಂದೇ ಬಡಿದು ಕೂರಿಸಿದ್ದೇನೆ. ಮಳೆನೀರು ಎಲ್ಲಿ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ ಎನ್ನುವುದು ಕಣ್ಣು ಮುಚ್ಚಿದರೂ ಗೊತ್ತು. ಆದರೆ ನನ್ನವ್ವ, ಆ ಎಂಟು ತಿಂಗಳು ನಾನು ನೆಲ ನೋಡಿದ್ದೆನೇ ಹೊರತು ಬಾಗಿಲುಗಳನ್ನು ನೋಡಿರಲಿಲ್ಲ. ತಲೆ ಎತ್ತಿ ಅಲ್ಲಿ ನಡೆದದ್ದು ಮೊನ್ನೆಯೇ ಮೊದಲು.

ಒಳಹೊಕ್ಕ ಕೂಡಲೇ ಖಾರಿ ಬಿಸ್ಕೀಟಿನ ವಾಸನೆ. ಕಾಳು ತೂಗುವ ಕಟ್ಟೆ ಇದ್ದಲ್ಲಿ ಮುಲ್ಲಾ ಅವರ ಬೇಕರಿಯಾಗಿದೆ. ಪಕ್ಕದಲ್ಲಿ ಕುರುಬರ ಕಂಬಳಿ ಅಂಗಡಿ, ಎದುರಿಗೆ ರಾಜಸ್ಥಾನದವರ ಬಟ್ಟೆ ಅಂಗಡಿ, ಮೂಲೆಯಲ್ಲಿ ಬಿಹಾರದ ಅಣ್ಣತಮ್ಮಂದಿರ ಪಾಣಿಪುರಿ ಗಾಡಿ. ಕಂಬಳಿಯವನು ಕನ್ನಡದಲ್ಲಿ ದರ ಹೇಳುತ್ತಾನೆ, ಗಿರಾಕಿ ಮರಾಠಿಯಲ್ಲಿ ಇಳಿಸು ಅನ್ನುತ್ತಾಳೆ, ಜಗಳ ಹಿಂದಿಯಲ್ಲಿ ಮುಗಿಯುತ್ತದೆ. ದೊಡ್ಡ ಗೋದಾಮನ್ನು ಪರೀಕ್ಷೆಗೆ ಓದುವವರ ಅಭ್ಯಾಸಿಕೆ ಮಾಡಿದ್ದಾರೆ. ಕಿಟಕಿಯಿಂದ ಇಣುಕಿದೆ, ಮೂವತ್ತು ತಲೆಗಳು ಪುಸ್ತಕದ ಮೇಲೆ ಬಗ್ಗಿದ್ದವು, ಫ್ಯಾನಿನದೊಂದೇ ಸದ್ದು. ನೀನು ದನದ ಕೊಟ್ಟಿಗೆಯ ಪಕ್ಕ ಕೂತು ಓದಿದ್ದು ನೆನಪಾಯಿತು. ಹಳೆ ಬಾವಿಯನ್ನೂ ತೊಳೆದು, ಜಾಳಿಗೆ ಹಾಕಿ, ಸುತ್ತ ಕೂರಲು ಕಟ್ಟೆ ಕಟ್ಟಿದ್ದಾರೆ. ಇದು ನಿನಗೆ ಒಗ್ಗುವ ಜಾಗ ಅನ್ನಿಸಿತು. ಒಳ್ಳೆಯ ಜಾಗ ಕಂಡಾಗಲೇ ನನಗೆ ಅಂಜಿಕೆ. ಕೆಟ್ಟ ಜಾಗದಲ್ಲಿ ನಮ್ಮನ್ನು ಯಾರೂ ಏನೂ ಕೇಳುವುದಿಲ್ಲ.

ಇನ್ನೊಂದು ಹೇಳಬೇಕು. ಅಲ್ಲಿ ಪ್ರತಿ ಬಾಗಿಲ ಮೇಲೂ ಒಂದು ಹಸಿರು ಪಾಟಿ ಇದೆ, ಅದರಲ್ಲಿ ಮನೆ ಯಜಮಾನನ ಹೆಸರಿಲ್ಲ, ಆ ಮನೆಯ ಮಗಳ ಹೆಸರು. ಪೇಟೆ ಹೊಸದಾದಾಗ ಎಲ್ಲರೂ ಕೂಡಿ ಮಾಡಿಕೊಂಡ ಪದ್ಧತಿಯಂತೆ. ಸಬಿಹಾ, ಉಮಾಶ್ರೀ, ಹೀಗೆ ಮೇಲೆ ಮರಾಠಿ, ಕೆಳಗೆ ಕನ್ನಡ. ಬಾಡಿಗೆಯವರ ಮನೆಯ ಹುಡುಗಿಗೂ ಪಾಟಿ ತಪ್ಪುವುದಿಲ್ಲ. ಓದುತ್ತಾ ಓದುತ್ತಾ ನಡೆದೆ, ಖುಷಿಯಾಯಿತು.

ಮೊದಲ ಮನೆಯ ಗೋಡೆಗೆ ‘ಖೋಲಿ ಬಾಡಿಗೆಗೆ ಇದೆ’ ಎಂಬ ಹಲಗೆ ತೂಗುತ್ತಿತ್ತು. ಯಜಮಾನರು ಖೋಲಿ ತೋರಿಸಿದರು, ನಳ ಬಿಟ್ಟು ತೋರಿಸಿದರು, ಆಮೇಲೆ “ಅಡ್ಡಹೆಸರ ಏನ್ರಿ?” ಎಂದರು. ಕಾಂಬಳೆ ಎಂದೆ. ನಳ ಬಂದ್ ಮಾಡಿದರು. “ನಮ್ಮ ತಂಗಿ ಮಗ ಬರಾಂವ ಅದಾನ, ಮರತ ಬಿಟ್ಟಿದ್ನಿ ನೋಡ್ರಿ” ಎಂದರು. ನಾನು ಬಾವಿಕಟ್ಟೆಯವರೆಗೆ ಹೋಗಿ ತಿರುಗಿ ನೋಡಿದೆ, ಹಲಗೆ ಇನ್ನೂ ತೂಗುತ್ತಲೇ ಇತ್ತು. ಎರಡನೇ ಮನೆಯಲ್ಲೂ ಅದೇ ಕಥೆ, ಅಲ್ಲಿ ತಂಗಿ ಮಗನ ಬದಲು ಅಳಿಯ. ಸಿಟ್ಟು ಬರಲಿಲ್ಲ, ನಾಚಿಕೆ ಬಂತು. ನಾಚಿಕೆ ಅವರಿಗೆ ಬರಬೇಕಿತ್ತು, ಅದು ಹೇಗೋ ದಾರಿ ತಪ್ಪಿ ಪ್ರತಿ ಸಲ ನನ್ನ ಹತ್ತಿರವೇ ಬರುತ್ತದೆ.

ಮೂರನೆಯದು ಅಭ್ಯಾಸಿಕೆಯ ಎದುರಿನ ಮಾಳಿಗೆ ಮನೆ. ಕಾಳಿನ ವ್ಯಾಪಾರಿ ಮುರಗೆಪ್ಪನವರು ತೀರಿಕೊಂಡ ಮೇಲೆ ಅವರ ಹೆಂಡತಿ ಇಂದ್ರಾಬಾಯಿ ಒಬ್ಬರೇ ಇದ್ದಾರೆ, ಮಗ ಇರುವುದು ಪರವೂರಿನಲ್ಲಿ. ಹಣೆ ತುಂಬ ವಿಭೂತಿ. “ಬಿಸಲಾಗ ಯಾಕ ನಿಂತೀರಿ, ಬರ್ರಿ, ಒಳಗ ಕುಂದ್ರಿ” ಎಂದು ತಮ್ಮ ಚರಿಗೆಯಲ್ಲೇ ನೀರು ಕೊಟ್ಟರು. ಮೇಲಿನ ಖೋಲಿಗೆ ದೊಡ್ಡ ಕಿಟಕಿ, ಗೋಡೆಯಲ್ಲಿ ಪುಸ್ತಕ ಇಡಲು ಗೂಡು. ಮಗಳು ತಲಾಠಿ ಎಂದೆ. “ಭಾಳ ಚಲೋ ಆತು. ಹೆಣ್ಣಮಗಳೊಬ್ಬಾಕಿ ಮನ್ಯಾಗಿದ್ದರ ನನಗೂ ಧೈರ್ಯ” ಎಂದು ಕೀಲಿಕೈ ನನ್ನ ಕೈಗೇ ಕೊಟ್ಟುಬಿಟ್ಟರು. ಅಡ್ಡಹೆಸರು ಕೇಳಲಿಲ್ಲ. ದೇವರಾಣೆ ಕೇಳಲಿಲ್ಲ ಎಂದು ಬರೆಯಹೊರಟಿದ್ದೆ, ದೇವರನ್ನು ಬಿಟ್ಟು ಬುದ್ಧನ ದಾರಿ ಹಿಡಿದಿದ್ದ ನಿನ್ನಜ್ಜ ಇದ್ದಿದ್ದರೆ ಬೈಯುತ್ತಿದ್ದ. ಹೊರಡುವಾಗ ಕೇಳಿದ್ದು ಒಂದೇ: “ಹುಡುಗಿ ಹೆಸರ ಏನ್ರಿ? ಪಾಟಿ ಬರಸಬೇಕಲ್ಲ.”

ಶುಭಾಂಗಿ ಎಂದೆ.

ನಿನ್ನ ಸೋದರತ್ತೆಯ ಮಗಳ ಹೆಸರು ಬಾಯಿಗೆ ಹೇಗೆ ಬಂತೋ ನನಗೆ ಈಗಲೂ ತಿಳಿಯದು. ಪಂಚಶೀಲಾ ಎಂದರೆ ಸಾಕು, ಮುಂದೆ ಅಡ್ಡಹೆಸರು ಕೇಳುವ ಕೆಲಸವೇ ಇಲ್ಲ, ಬುದ್ಧನ ಐದು ಶೀಲಗಳ ಆ ಹೆಸರೇ ನಾವು ಯಾರೆಂದು ಹೇಳುತ್ತದೆ. ಕಿಟಕಿ ಕೈತಪ್ಪುತ್ತದೆ ಎಂದು ಅಂಜಿದೆ. ಅವರು ಆಗಲೇ ಬೀರು ಎಂಬ ಪೇಂಟರನಿಗೆ ಫೋನ್ ಮಾಡಿ ಹೆಸರು ಹೇಳಿದರು, ನಾನು ಪಕ್ಕದಲ್ಲೇ ಕಂಬದ ಹಾಗೆ ನಿಂತಿದ್ದೆ. ಸೋಮವಾರ ಪಾಟಿ ಬಾಗಿಲಿಗೆ ಏರುತ್ತದೆ. ಬಸ್ಸಿನಲ್ಲಿ ನನಗೆ ನಾನೇ ಸಮಾಧಾನ ಹೇಳಿಕೊಂಡೆ, ಹೊರಗೆ ಶುಭಾಂಗಿ ಇದ್ದರೇನು, ಒಳಗೆ ನನ್ನ ಪಂಚಶೀಲಾನೇ ಇರುತ್ತಾಳಲ್ಲ ಎಂದು.

ಮನೆಗೆ ಬಂದು ಹೇಳಿದಾಗ ನಿನ್ನವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. “ಕುಂಬಳಕಾಯಿ ಕಳ್ಳ ಅಂತ ಯಾರೂ ಅಂದೇ ಇಲ್ಲ, ನೀವ ಹೆಗಲ ಮುಟ್ಟಿ ನೋಡ್ಕೊಂಡ್ರಿ. ನಾಳಿ ಆ ಇಂದ್ರಾಬಾಯಿ ಹೊಲದ ಉತಾರದ ಕಾಗದಕ್ಕ ಸಹಿ ಮಾಡಾಕಿ ನಿಮ್ಮ ಮಗಳರಿ. ಅಲ್ಲಿ ಯಾವ ಶುಭಾಂಗಿ ಬಂದ ಸಹಿ ಮಾಡ್ತಾಳ?” ಎಂದಳು. ಅದು ನನಗೆ ಹೊಳೆದೇ ಇರಲಿಲ್ಲ. ತಲಾಠಿಯ ಹೆಸರು ಊರಿಗೆಲ್ಲ ಗೊತ್ತಾಗುವಂಥದ್ದು, ಅದನ್ನು ಮುಚ್ಚಿಡಲು ಹೊರಟ ಶಾಣ್ಯಾ ನಾನೊಬ್ಬನೇ ಇರಬೇಕು. ಆಮೇಲೆ ಅವಳು ಇನ್ನೊಂದು ಮಾತು ಹೇಳಿದಳು, ಅದು ನನ್ನನ್ನು ಎರಡು ದಿನದಿಂದ ಕೂರಲು ಬಿಟ್ಟಿಲ್ಲ. ನಿನ್ನನ್ನು ಸಾಲಿಗೆ ಹಾಕಿದಾಗ ಮಾಸ್ತರರು ಹಾಜರಿಯಲ್ಲಿ ಬರೇ ‘ಶೀಲಾ’ ಎಂದು ಬರೆದುಕೊಂಡಿದ್ದರಲ್ಲ, ನಿನ್ನಜ್ಜ ಕಾಳಪ್ಪ ಹೊಲದ ಕೆಲಸ ಬಿಟ್ಟು ಬರಿಗಾಲಲ್ಲಿ ಸಾಲಿಗೆ ಹೋಗಿ “ಪೂರ್ತಿ ಬರೀರಿ ಮಾಸ್ತರ, ನನ್ನ ಮೊಮ್ಮಗಳು ಅರ್ಧ ಇಲ್ಲ” ಎಂದಿದ್ದ. ಅಂಥ ಮುದುಕನ ಮಗ ನಾನು. ನಿನ್ನವ್ವ ಅದಿಷ್ಟು ಹೇಳಿ ಮಾತು ಬಿಟ್ಟಳು.

ಈಗ ಏನು ಮಾಡಲಿ ಎಂದು ನಿನ್ನನ್ನೇ ಕೇಳುತ್ತಿದ್ದೇನೆ. ನಿಜ ಹೇಳಿದರೆ ಖೋಲಿ ಹೋದೀತು, ಹೇಳದಿದ್ದರೆ ದಿನಾ ಸಂಜೆ ನೀನು ಯಾರದೋ ಹೆಸರಿನ ಕೆಳಗೆ ತಲೆ ಬಗ್ಗಿಸಿ ಒಳಗೆ ಹೋಗಬೇಕು. ಎರಡೂ ನನ್ನಿಂದ ನೋಡಲಾಗದು. ಸಿಟ್ಟು ಮಾಡಿಕೋ, ಆದರೆ ಊಟ ಬಿಡಬೇಡ. ಕಾಲಕಾಲಕ್ಕೆ ಬಿಸಿನೀರು ಕುಡಿ. ನಿನ್ನ ಕೆಲಸಕ್ಕೆ, ನಿನ್ನ ಕೈಯ ಸಹಿಗೆ ಮಂಗಲವಾಗಲಿ. ನಿನ್ನವ್ವ ಮಾತಾಡದಿದ್ದರೂ ಅವಳ ಆಶೀರ್ವಾದ ರೊಟ್ಟಿಯ ಗಂಟಿನಲ್ಲಿದೆ.

ನಿನ್ನ ಅಪ್ಪ,
ನಾಮದೇವ ಕಾಳಪ್ಪ ಕಾಂಬಳೆ

ತಾ.ಕ.: ರವಿವಾರ ಬೆಳಿಗ್ಗೆ, ಜತ್ ಬಸ್ ಸ್ಟ್ಯಾಂಡಿನಲ್ಲಿ ಕೂತು ಬರೆಯುತ್ತಿದ್ದೇನೆ. ಮಾಸ್ತರರ ಬಸ್ಸಿಗೆ ಹತ್ತೇ ನಿಮಿಷ ಇದೆ, ಅಕ್ಷರ ಕೆಟ್ಟಿದ್ದರೆ ಹೊಂದಿಸಿಕೋ. ನಿನ್ನ ಉತ್ತರಕ್ಕೆ ಕಾಯುವ ತಾಳ್ಮೆ ಆಗಲಿಲ್ಲ. ಮೊದಲ ಬಸ್ಸಿಗೇ ಬಂದು ಬೀರುವನ್ನು ಎಬ್ಬಿಸಿದೆ. ಶುಭಾಂಗಿ ಪಾಟಿ ಒಣಗಲು ಇಟ್ಟಿದ್ದ. ಅದನ್ನು ಒರೆಸಿ, ನನ್ನೆದುರೇ ನಿನ್ನ ಹೆಸರು ಪೂರ್ತಿ ಬರೆಸಿದೆ, ಮೇಲೆ ಮರಾಠಿ, ಕೆಳಗೆ ಕನ್ನಡ. ಹಸಿ ಬಣ್ಣದಲ್ಲೇ ಒಯ್ದು ಇಂದ್ರಾಬಾಯಿಯವರ ಮುಂದೆ ಹಿಡಿದೆ. ಚಷ್ಮಾ ಹಾಕಿಕೊಂಡು ಎರಡು ಸಲ ಓದಿದರು. “ನನ್ನ ಕೂಡ ಸುಳ್ಳ ಯಾಕ ಹೇಳಿದ್ರಿ?” ಎಂದರು. ಅಂಜಿ ಹೇಳಿದ್ನಿರಿ ಎಂದೆ. ಚಷ್ಮಾ ತೆಗೆದು, “ಮಗನ್ನ ಕೇಳಿ ಹೇಳ್ತೀನಿ” ಎಂದು ಬಾಗಿಲು ಅರ್ಧ ಮುಚ್ಚಿದರು. ಕೀಲಿಕೈ ವಾಪಸ್ ಕೇಳಲಿಲ್ಲ, ಪಾಟಿಯನ್ನೂ ಇಟ್ಟುಕೊಳ್ಳಲಿಲ್ಲ. ಏನು ಹೇಳುತ್ತಾರೋ ಗೊತ್ತಿಲ್ಲ. ಬೇಡ ಎಂದರೆ ಕೀಲಿಕೈ ಕೊಟ್ಟು ಬರುತ್ತೇನೆ. ಆ ಪೇಟೆಯಲ್ಲಿ ಇನ್ನೂ ನಲವತ್ತು ಬಾಗಿಲುಗಳಿವೆ, ಬುಧವಾರದವರೆಗೆ ಸಮಯವಿದೆ. ಪಾಟಿ ನನ್ನ ಚೀಲದಲ್ಲಿದೆ. ಇನ್ನು ಮೇಲೆ ಖೋಲಿ ಇದೆಯೇ ಎಂದು ಕೇಳುವ ಮೊದಲು ಅದನ್ನು ತೆಗೆದು ತೋರಿಸುತ್ತೇನೆ.