ಬಿಳಿ ಬೂಟು, ದಪ್ಪ ಕನ್ನಡಕ ಮತ್ತು ನಮ್ಮ ಖಾಲಿ ಮೇಜು

ಅಂಗಡಿಯ ಹಿಂದಿನ ಕೋಣೆ,
ಭಾನುವಾರ, ಜೂನ್ ೮

ನನ್ನ ಮುದ್ದಿನ ಜಗಳಗಂಟಿ ಮಗಳಿಗೆ,

ಹೇಗಿದ್ದೀಯ? ಕೆಮ್ಮು ಕಡಿಮೆಯಾಯಿತಾ? ಇಡೀ ದಿನ ಫೋನಿನಲ್ಲಿ ಮಾತಾಡಿ ಕಂಪ್ಯೂಟರ್ ಮಾರುವವಳ ಗಂಟಲಿಗೆ ಪುರುಸೊತ್ತಾದರೂ ಎಲ್ಲಿ? ಬಿಸಿನೀರು ಕುಡಿ ಅಂದರೆ ಕೇಳುವವಳಲ್ಲ ನೀನು. ಮೊಂಡುತನದಲ್ಲಿ ನಿಮ್ಮಪ್ಪನನ್ನೂ ಮೀರಿಸಿದ್ದೀಯ. ನನ್ನ ಕಡೆಯವರು ಯಾರೂ ಹಾಗಿಲ್ಲ. ನಗಬೇಡ. ಅಪ್ಪ ಆರೋಗ್ಯವಾಗಿದ್ದಾರೆ. ಈಗಲೂ ಸ್ಕ್ರೂಗಳನ್ನು ತುಟಿಯಲ್ಲಿ ಕಚ್ಚಿಕೊಂಡೇ ರಿಪೇರಿ ಮಾಡುತ್ತಾರೆ, ಏನು ಕೇಳಿದರೂ "ಹ್ಞೂಂ" ಅನ್ನುತ್ತಾರೆ.

ಇನ್ನು ಸುದ್ದಿ. ಗೆದ್ದೆವು ಕಣೇ! ಅಂಗಡಿ ಉಳಿಯಿತು! ಎರಡು ದಿನದಿಂದ ನನ್ನ ಕಾಲು ನೆಲದ ಮೇಲೆ ನಿಂತಿಲ್ಲ. ನಿಮ್ಮ ಕಂಪನಿಗೆ ಬಂಡವಾಳ ಹಾಕಿರುವ ಇಬ್ಬರ ಕಿತ್ತಾಟ ನಿನಗೂ ಗೊತ್ತಲ್ಲ. ಅವರಲ್ಲಿ ಬಿಳಿ ಬೂಟಿನವರಿಗೆ ಕಂಪನಿಯ ಕಂಪ್ಯೂಟರ್ ಮಾರುವ ಡೀಲರುಗಳೆಂದರೆ ಆಗದು. ಎಲ್ಲವನ್ನೂ ಕಂಪನಿಯೇ ಫೋನಿನಲ್ಲಿ ಮಾರಬೇಕು, ಈ ತಿಂಗಳೇ ನಮ್ಮಂಥವರ ಅಂಗಡಿಗಳನ್ನು ಕೈಬಿಡಬೇಕು ಅನ್ನುವುದು ಅವರ ಹಟ. ದಪ್ಪ ಕನ್ನಡಕದವರದು ಅದಕ್ಕೆ ತದ್ವಿರುದ್ಧ. ನಮ್ಮ ಮೇಲಿನ ಪ್ರೀತಿಯಿಂದಲ್ಲ, ಬಿಳಿ ಬೂಟು ಬೇಕು ಅಂದದ್ದು ಅವರಿಗೆ ಬೇಡ, ಅಷ್ಟೆ. ಒಬ್ಬರ ವರದಿಯನ್ನು ಇನ್ನೊಬ್ಬರು ನಂಬುವುದಿಲ್ಲ. ಕಂಪ್ಯೂಟರ್ ತಯಾರಿಸುವ ಯಜಮಾನರು ರೋಸಿಹೋಗಿ, "ಇಬ್ಬರೂ ಒಟ್ಟಿಗೆ ಹೋಗಿ ಒಂದು ಅಂಗಡಿ ನೋಡ್ಕೊಂಡು ಬನ್ನಿ, ಅಲ್ಲಿ ಕಂಡಿದ್ದರ ಮೇಲೆ ತೀರ್ಮಾನ ಮಾಡ್ತೀನಿ" ಎಂದರಂತೆ. ಆ ಒಂದು ಅಂಗಡಿ ನಮ್ಮದೇ ಆಗಬೇಕೆ!

ಹೇಳದೆ ಕೇಳದೆ ಮಂಗಳವಾರ ಬಂದಿಳಿದರು. ಒಂದೇ ಕಾರು; ಒಬ್ಬರು ಮುಂದೆ, ಒಬ್ಬರು ಹಿಂದೆ, ಇಬ್ಬರೂ ಬೇರೆ ಬೇರೆ ಕಿಟಕಿಯಾಚೆ ನೋಡುತ್ತಾ ಕೂತಿದ್ದರು. ನಮ್ಮ ಪ್ರದರ್ಶನದ ಮೇಜು ನೋಡಿದರೆ ಬೋಳು! ನಿಮ್ಮಪ್ಪನ ಅಭ್ಯಾಸ ನಿನಗೆ ಗೊತ್ತಿದೆ. ಯಾರದಾದರೂ ಮಷೀನು ಕೆಟ್ಟು ರಿಪೇರಿಗೆ ಬಂದರೆ, ಅದು ಸರಿಹೋಗುವ ತನಕ ಮೇಜಿನ ಮೇಲಿನದನ್ನೇ ಎತ್ತಿಕೊಟ್ಟು ಕಳಿಸುತ್ತಾರೆ. ಪ್ರದರ್ಶನದ ಮಷೀನು ಅಂಗಡಿಯ ಹೊಸ್ತಿಲು ದಾಟಬಾರದು ಎಂದು ಕಂಪನಿಯ ಕಟ್ಟಪ್ಪಣೆ. ದಾಟಿದರೆ ಡೀಲರ್‌ಶಿಪ್ ರದ್ದು. ಆವತ್ತು ಮೇಜಿನ ಮೇಲಿದ್ದದ್ದು ಧೂಳಿನ ನಡುವೆ ನಾಲ್ಕು ಖಾಲಿ ಚೌಕ ಮಾತ್ರ. ಬಿಳಿ ಬೂಟಿನವರ ಮುಖ ಅರಳಿತು. "ನೋಡಿದ್ರೇನ್ರೀ ನಿಮ್ಮ ಡೀಲರುಗಳ ಬಂಡವಾಳ? ನೋಡೋಕೆ ಇಟ್ಟಿದ್ದನ್ನೂ ಮಾರ್ಕೊಂಡಿದಾರೆ!" ಎಂದರು. ಕನ್ನಡಕದವರು ಕನ್ನಡಕ ತೆಗೆದು ಒರೆಸತೊಡಗಿದರು. ಇಷ್ಟು ವರ್ಷದ ಅಂಗಡಿ ನಿಮ್ಮಪ್ಪನ ಒಳ್ಳೆಯತನದಿಂದಲೇ ಮುಳುಗಿತಲ್ಲಾ ಎಂದು ಸಂಕಟವಾಯಿತು. ಅವರೋ, ಬಾಯಲ್ಲಿ ಸ್ಕ್ರೂ, "ಹ್ಞೂಂ" ಎಂದರು!

ನನಗೆ ಎಲ್ಲಿತ್ತೋ ಸಿಟ್ಟು, "ಮಾರಿಲ್ಲ ಸ್ವಾಮಿ, ಬನ್ನಿ ತೋರಿಸ್ತೀನಿ" ಎಂದು ಇಬ್ಬರನ್ನೂ ರಸ್ತೆಗಿಳಿಸಿದೆ. ಮೊದಲು ಸಿಕ್ಕಿದ್ದು ತಿರುವಿನಲ್ಲಿರುವ ಹಲ್ಲಿನ ಡಾಕ್ಟರಮ್ಮನ ಕ್ಲಿನಿಕ್ಕು. ಒಬ್ಬ ಬಾಯಿ ತೆರೆದುಕೊಂಡು ಕುರ್ಚಿಯಲ್ಲಿ ಒರಗಿದ್ದಾನೆ, ಪಕ್ಕದಲ್ಲಿ ನಮ್ಮ ಮಷೀನಿನಲ್ಲಿ ಅವನ ಹಲ್ಲಿನ ಚಿತ್ರ. ನಮ್ಮನ್ನು ಕಂಡದ್ದೇ ಡಾಕ್ಟರಮ್ಮ ಕೈಯಲ್ಲಿದ್ದ ಇಕ್ಕಳ ಎತ್ತಿದರು. "ವಾಪಸ್ ಕೇಳೋಕೆ ಬಂದ್ರಾ? ನನ್ನ ಮಷೀನ್ ರಿಪೇರಿ ಆಗೋವರ್ಗೂ ಇದನ್ನ ಮುಟ್ಟೋಕೆ ಬಿಡಲ್ಲ!" ಬಿಳಿ ಬೂಟಿನವರು ನಯವಾಗಿ, ಕಂಪನಿಗೇ ಫೋನ್ ಮಾಡಿ ತರಿಸಿಕೊಂಡಿದ್ದರೆ ಇನ್ನೂ ಅಗ್ಗವಾಗುತ್ತಿತ್ತಲ್ಲ ಎಂದು ಕೇಳಿದರು. "ಕೆಟ್ಟ ದಿನ ಫೋನಿನೊಳಗಿಂದ ಬೇರೆ ಮಷೀನ್ ಬರುತ್ತೇನ್ರೀ? ಇವನ ಹಲ್ಲುನೋವು ನಿಮ್ಮ ಲಾರಿ ಬರೋವರ್ಗೂ ಕಾಯುತ್ತಾ?" ಕುರ್ಚಿಯಲ್ಲಿದ್ದವನೂ ಬಾಯಿ ತೆರೆದುಕೊಂಡೇ "ಆಂ, ಆಂ" ಎಂದು ತಲೆಯಾಡಿಸಿದ. ಪಾಪ, ನೋವಿಗೋ ಒಪ್ಪಿಗೆಗೋ ಗೊತ್ತಾಗಲಿಲ್ಲ.

ಹೊರಗೆ ಬಂದಮೇಲೆ ಶುರುವಾಯಿತು ನೋಡು ತಮಾಷೆ. ಕನ್ನಡಕದವರು ಎದೆಯುಬ್ಬಿಸಿ, "ನಾನು ಮೊದಲಿಂದ್ಲೂ ಹೇಳ್ತಿರೋದೇ ಇದು. ಪ್ರತಿ ಡೀಲರಿಗೂ ಹೀಗೆ ಕೊಡೋಕೆ ಅಂತಲೇ ಒಂದು ಮಷೀನು ಕಂಪನಿ ಇಡಬೇಕು" ಎಂದರು. ಎಲ್ಲಿ ಹೇಳಿದ್ದರೋ ದೇವರೇ ಬಲ್ಲ! ಈ ಮಾತು ಯಜಮಾನರ ಕಿವಿಗೆ ಅವರ ಬಾಯಿಂದ ಬಿದ್ದರೆ ತಮ್ಮ ಕಥೆ ಮುಗಿಯಿತು ಎಂದು ಬಿಳಿ ಬೂಟಿಗೆ ಹೊಳೆಯಿತು. "ಒಂದು ಯಾವ ಮೂಲೆಗ್ರೀ? ಎರಡು ಕೊಡೋಣ ಅಂತೀನಿ ನಾನು" ಎಂದರು. "ಮೂರು!" ಎಂದರು ಕನ್ನಡಕ. ನಡುರಸ್ತೆಯಲ್ಲಿ ಹರಾಜು! ನಾನು ಬಾಯಿಗೆ ಬೀಗ ಹಾಕಿಕೊಂಡು ನಿಂತೆ. ನನಗೆ ಅದೆಷ್ಟು ಕಷ್ಟವೆಂದು ನಿನಗಿಂತ ಚೆನ್ನಾಗಿ ಬಲ್ಲವರಿಲ್ಲ.

ಶುಕ್ರವಾರ ಯಜಮಾನರ ತೀರ್ಮಾನ ಬಂತು. ಡೀಲರುಗಳು ಎಲ್ಲರೂ ಉಳಿಯುತ್ತಾರೆ. ಪ್ರತಿ ಅಂಗಡಿಗೂ ಮೂರು ಮಷೀನು, ಕೊಟ್ಟು ಕಳಿಸಲಿಕ್ಕೆಂದೇ. ಅಪ್ಪನಿಗೆ ಓದಿ ಹೇಳಿದೆ. ನಕ್ಕರು ಕಣೇ! ಬಾಯಲ್ಲಿದ್ದ ಸ್ಕ್ರೂ ಎಲ್ಲ ನೆಲಕ್ಕೆ ಬಿತ್ತು, ಇಬ್ಬರೂ ಮೇಜಿನ ಕೆಳಗೆ ತೆವಳಿ ಹುಡುಕಿದೆವು. ಮದುವೆಯಾದಾಗಿನಿಂದ ನಾವಿಬ್ಬರೂ ಹೀಗೆ ನಕ್ಕದ್ದು ನೆನಪಿಲ್ಲ.

ಗಂಟಲು ನೋಡಿಕೋ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಜೊತೆ ಕೂತು ಫೋನೆತ್ತುವ ಮಕ್ಕಳಿಗೆಲ್ಲ ಈ ಡೀಲರಮ್ಮ ಕೇಳಿದಳೆಂದು ಹೇಳು. ನೂರು ಕಾಲ ಚೆನ್ನಾಗಿರು, ಜಗಳವಾಡಿಕೊಂಡೇ ಇರು, ಪರವಾಗಿಲ್ಲ.

ನಿನ್ನ ಹೆತ್ತ ತಪ್ಪಿಗೆ ಇಷ್ಟೆಲ್ಲ ಬರೆದ,
ಅಮ್ಮ

ಮರೆತಿದ್ದೆ. ಸುಳ್ಳು, ಮರೆತಿರಲಿಲ್ಲ, ಹೇಗೆ ಬರೆಯುವುದೆಂದು ತಿಳಿಯಲಿಲ್ಲ. ತೀರ್ಮಾನದ ಜೊತೆ ಇನ್ನೊಂದು ಮಾತೂ ಬಂದಿತ್ತು. ಡೀಲರುಗಳು ಉಳಿದರೆ ನಿಮ್ಮ ಫೋನಿನ ಮಾರಾಟದ ಕೋಣೆ ಯಾಕೆ, ಮುಚ್ಚಿ ಎಲ್ಲರನ್ನೂ ಮನೆಗೆ ಕಳಿಸೋಣ ಎಂದು. ತೀರ್ಮಾನದ ಜೊತೆ ಕಳಿಸಿದ್ದ ಹೊಸ ಡೀಲರ್ ಕರಾರಿಗೆ ನಾನು ಸಹಿ ಹಾಕಲಿಲ್ಲ. ಅಂಗಡಿ ಹೋದರೆ ಹೋಗಲಿ ಎಂದೆ. ಅಪ್ಪ "ಹ್ಞೂಂ" ಎಂದರು. ಆ ಕೋಣೆಯವರನ್ನು ಡೀಲರುಗಳ ಕೆಲಸಕ್ಕೇ ಇಟ್ಟುಕೊಳ್ಳಿ ಎಂದು ಕನ್ನಡಕದವರನ್ನು ಕೇಳಿದೆ. "ನೋಡೋಣ" ಎಂದರು. ತಕ್ಷಣ ಬಿಳಿ ಬೂಟಿಗೆ ಫೋನ್ ಮಾಡಿ, ಕನ್ನಡಕದವರು ನೋಡೋಣ ಅಂತಿದ್ದಾರೆ ಎಂದೆ. ಅಷ್ಟೇ ಸಾಕಾಯಿತು, ಮತ್ತೆ ಹರಾಜು! ಸಂಜೆಯೊಳಗೆ ಯಜಮಾನರಿಂದಲೇ ಬರವಣಿಗೆಯಲ್ಲಿ ಬಂತು, ಒಬ್ಬರ ಕೆಲಸವೂ ಹೋಗುವುದಿಲ್ಲವೆಂದು. ಆಮೇಲೆ ಸಹಿ ಹಾಕಿದೆ. ಹಾಗಾಗಿ ಕೆಲಸ ಹೋಯಿತೆಂದು ನೀನು ಮನೆಗೆ ಬರಬೇಕಾಗಿಲ್ಲ. ಅಮ್ಮನನ್ನು ನೋಡಬೇಕು ಅನ್ನಿಸಿದರೆ ಬಾ. ನನಗಂತೂ ನಿನ್ನನ್ನು ನೋಡಬೇಕು ಅನ್ನಿಸಿ ತುಂಬ ದಿನವಾಯಿತು.